ಮೊಲದ ಡಬ್ಬಿಗೆ ಹಾಕಿದ ಕಲ್ಲಿನ ಪುಡಿ

ಶಹಾಬಾದ
೨೧ ನವೆಂಬರ್ ೧೯೭೩, ಬುಧವಾರ

ಸಾಕಿದ ಮೊಲ ಸತ್ತಿತು. ಅದು ಉಚ್ಚೆ ಹೊಯ್ಯುವ ಡಬ್ಬಿಗೆ ತೊಗರಿ ಹೊಟ್ಟು ಹಾಕಿದರೆ ತಿಂದುಬಿಡುತ್ತಿತ್ತು. ಅದಕ್ಕೇ ನಮ್ಮನೆಯವರು ಕೆಲಸ ಮಾಡುವ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಮಷಿನ್ನಿನಿಂದ ಪುಡಿ ತರಿಸಿದೆ. ನಾತವೇ ಇಲ್ಲದಂತಾಯಿತು, ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ.

ಕೆದರಿದಾಗೆಲ್ಲ ಪುಡಿ ಏಳುತ್ತಿತ್ತು. ಮೊಲ ಮೊದಲು ಸೀನಿತು, ಆಮೇಲೆ ಬಾಯಿ ತೆರೆದು ಉಸಿರಾಡತೊಡಗಿತು. ದನದ ಡಾಕ್ಟರು ಡಬ್ಬಿ ನೋಡಿ, "ಈ ಪುಡಿ ಎದಿಯೊಳಗ ಕುಂತದವ್ವಾ. ಇನ್ನೇನೂ ಮಾಡ್ಲಿಕ್ಕ ಬರಂಗಿಲ್ಲ" ಅಂದಿದ್ದರು.

ಸಂಜೆ ನಮ್ಮನೆಯವರೇ ಹಿತ್ತಲಲ್ಲಿ ಕುಣಿ ತೋಡಿದರು. ನಡುನಡುವೆ ಗುದ್ದಲಿ ಊರಿ ನಿಂತು ಕೆಮ್ಮಿದರು. "ಅಳಬ್ಯಾಡ, ಇನ್ನೊಂದು ತರ್ತೀನಿ" ಅಂದರು. ನನ್ನ ಅಳು ಇನ್ನೂ ಹೆಚ್ಚಾಯಿತು.

ಹದಿನಾಲ್ಕು ವರ್ಷದಿಂದ ದಿನಾ ಸಂಜೆ ಇವರ ಅಂಗಿಯಿಂದ ನಾನು ಕೊಡವುವುದು ಅದೇ ಪುಡಿ. ಇಂದೂ ಕೊಡವಿ, ನಾಳೆಗೆಂದು ಗೂಟಕ್ಕೆ ಹಾಕಿದ್ದೇನೆ.