ಶಶಿ ಆಫೀಸರ್ ಅಲ್ಲ

ಹಗರೆಯ ಹುಚ್ಚಣ್ಣ ಮಾವನವರಿಗೆ ನಮಸ್ಕಾರ.

ಶಶಿಗೆ ನೋಡಿರುವ ಬಿಕ್ಕೋಡಿನ ಹೆಣ್ಣಿನ ಮನೆಯವರು ನನಗೆ ಫೋನ್ ಮಾಡಿ ವಿಚಾರಿಸುತ್ತಾರೆ, ಅವನು ಆಫೀಸರ್ ಎಂದುಬಿಡು ಎಂದು ಬರೆದಿದ್ದೀರಿ. ನಮ್ಮ ಯೂನಿಟ್ಟಿನಲ್ಲಿ ನಿಮ್ಮ ಮಗ ಲ್ಯಾನ್ಸ್ ನಾಯಕ್, ಮಾವ. ಅವನ ಮೇಲೆ ನಾಯಕ್, ಹವಾಲ್ದಾರ್, ಸುಬೇದಾರರು ಇದ್ದಾರೆ. ಆಫೀಸರ್‌ಗಳ ಸಾಲು ಶುರುವಾಗುವುದೇ ಅವರೆಲ್ಲರ ಮೇಲೆ, ಲೆಫ್ಟಿನೆಂಟ್‌ನಿಂದ. ಲೆಫ್ಟಿನೆಂಟ್‌ಗೂ ಮೇಲಿನವಳು ನಾನು.

ಅಮ್ಮ ನನಗೆ ಅವನನ್ನು ಕೇಳಲು ಬಂದಾಗ, "ಮಿಲಿಟ್ರಿ ಹುಡುಗ್ನಿಗೆ ಈ ಕರಿ ಹುಡ್ಗಿ ಒಪ್ಪಲ್ಲ ಕಣವ್ವ" ಎಂದು ಕಾಫಿಯನ್ನೂ ಕೊಡದೆ ಕಳಿಸಿದಿರಿ. ಈಗ ಅದೇ ಕರಿ ಹುಡುಗಿಯ ಮಾತು ಬೇಕಾಗಿದೆ.

ಅವರು ಫೋನ್ ಮಾಡಲಿ. ಹುಡುಗ ಒಳ್ಳೆಯವನು, ಹೇಳಿದ ಮಾತು ಕೇಳುತ್ತಾನೆ ಎನ್ನುತ್ತೇನೆ. ಹೇಗೆ ಗೊತ್ತು ಎಂದರೆ, ದಿನಾ ಬೆಳಿಗ್ಗೆ ನನಗೇ ಸೆಲ್ಯೂಟ್ ಹೊಡೆಯುತ್ತಾನೆ ಎಂದೂ ಹೇಳುತ್ತೇನೆ.

ನಿಮ್ಮ ತಂಗಿಯ ಮಗಳು,
ಕ್ಯಾಪ್ಟನ್ ನಯನಾ