ಮೊದಲು ಪೆನ್ನು ಕೆಳಗಿಟ್ಟವಳು

ಮಾರ್ಚ್ ೪, ಮಂಗಳವಾರ

ಹೆಸರು ಹೇಳಿಬಿಟ್ಟೆ.

ಅನ್ಯಾಯದ ಕಾಗದಕ್ಕೆ ಸಹಿ ಹಾಕದವರೇ ಸಾಮ್ರಾಜ್ಯವನ್ನು ಅಲುಗಾಡಿಸಿದ್ದು ಎಂದು ಹೋದ ವಾರ ಏಳನೇ ತರಗತಿಗೆ ಮೇಜು ಗುದ್ದಿ ಪಾಠ ಮಾಡಿದ್ದೆ. ಇವತ್ತು ಯಾರೋ ಒಡೆದ ಕಿಟಕಿಗೆ ಆ ತರಗತಿಯ ಎಲ್ಲರೂ ತಪ್ಪೊಪ್ಪಿಗೆ ಬರೆಯಬೇಕೆಂದು ಮುಖ್ಯೋಪಾಧ್ಯಾಯಿನಿ ಅಪ್ಪಣೆ ಮಾಡಿದರು. ಎಲ್ಲರೂ ಚೂಟಿ ಅಂತ ಕರೆಯುವ ಕಡೇ ಬೆಂಚಿನ ಹುಡುಗಿ ಮೊದಲು ಪೆನ್ನು ಕೆಳಗಿಟ್ಟಳು. ನೋಡುನೋಡುತ್ತಾ ಮೂವತ್ತೆಂಟು ಮಕ್ಕಳೂ ಕೈಕಟ್ಟಿ ಕೂತರು. ನನ್ನ ಎದೆಯುಬ್ಬಿತು.

ಆಮೇಲೆ ಮುಖ್ಯೋಪಾಧ್ಯಾಯಿನಿ ನನ್ನನ್ನು ತಮ್ಮ ಕೋಣೆಗೆ ಕರೆದರು. "ಕ್ರಾಂತಿ ಚೆನ್ನಾಗಿ ಹೇಳ್ಕೊಡ್ತೀರಪ್ಪ. ಶುರು ಮಾಡಿದ್ದು ಯಾರು? ನಿಮ್ಮ ಕೆಲಸ ಖಾಯಂ ಮಾಡೋ ಕಾಗದ ಇನ್ನೂ ನನ್ನ ಮೇಜಿನ ಮೇಲೇ ಇದೆ."

ಎರಡು ನಿಮಿಷವೂ ತಡೆಯಲಿಲ್ಲ ನಾನು.

ಚೂಟಿಯನ್ನು ಮೂರು ದಿನ ಮನೆಗೆ ಕಳಿಸಿದರು. ಗೇಟಿನ ಹತ್ತಿರ ಅವಳೇ ನನಗೆ ಸಮಾಧಾನ ಹೇಳಿದಳು. "ಮುಖ ಯಾಕೆ ಹಂಗ್ ಮಾಡ್ಕೊಂಡಿದೀರ ಸಾರ್? ಯಾರೋ ಚಾಡಿ ಹೇಳಿದಾರೆ, ಅಷ್ಟೆ. ಎಲ್ಲಾ ಗುಂಪಲ್ಲೂ ಅಂಥವನೊಬ್ಬ ಇರ್ತಾನೆ ಅಂತ ನೀವೇ ಹೇಳಿದ್ರಲ್ಲ."

ಪಾಠಕ್ಕೆಂದು ಕೂಡಿಟ್ಟ ಸ್ವಾತಂತ್ರ್ಯ ಹೋರಾಟದ ಹಳೇ ಕರಪತ್ರಗಳ ಕಟ್ಟು ಬಿಚ್ಚಿ ಕೂತಿದ್ದೇನೆ. ಅಂಥವನನ್ನು ಏನು ಮಾಡಬೇಕೆಂದು ಎಲ್ಲದರಲ್ಲೂ ಬರೆದಿದೆ. ಅವನು ಮರುದಿನ ಪಾಠ ಮಾಡುವುದು ಹೇಗೆಂದು ಒಂದರಲ್ಲೂ ಇಲ್ಲ.

ನಾಳೆ ಮೊದಲ ಅವಧಿಯೇ ಏಳನೇ ತರಗತಿಯದು. ಮೂವತ್ತೇಳು ಮಕ್ಕಳು ಎದ್ದು ನಿಂತು ನಮಸ್ತೆ ಅನ್ನುತ್ತಾರೆ, ಆಗ ನಾನು…