ಕೇಳಿದವರಿಗೆಲ್ಲ ಹೌದೆಂದ ಮಾವ

ಮನೆ, ಕಿಟಕಿ ಪಕ್ಕದ ಊಟದ ಮೇಜು
ಬುಧವಾರ, ಮಾರ್ಚ್ ೧೨, ಅಂಗಡಿ ತೆರೆಯುವ ಮುಂಚೆ

ಪ್ರೀತಿಯ ಡಾಕ್ಟರಮ್ಮಾ,

ಹೇಗಿದ್ದೀಯ? ಹಡಗಿನಲ್ಲಿರುವ ಅರವತ್ತು ಜನರ ನಾಡಿ ಹಿಡಿಯುವವಳ ನಾಡಿಯನ್ನು ಯಾರು ಹಿಡಿಯುತ್ತಾರೆ ಎಂದು ನನಗೆ ಆಗಾಗ ಅನ್ನಿಸುತ್ತದೆ. ಹೋದ ಬಂದರಿನಿಂದ ನೀನು ಹಾಕಿದ ಪತ್ರದಲ್ಲಿ ಬೆನ್ನುನೋವಿನ ಬಗ್ಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದೆ. ಹೊಡೆದುಹಾಕಿದ್ದನ್ನು ಓದುವುದು ಕನ್ನಡಕದ ಅಂಗಡಿಯವನಿಗೆ ಕಷ್ಟವೇನಲ್ಲ. ಹಾಸಿಗೆಯ ಕೆಳಗೆ ಒಂದು ಹಲಗೆ ಹಾಕಿಸಿಕೊ. ಬೇರೆಯವರಿಗಾದರೆ ನೀನೇ ಹೇಳುತ್ತಿದ್ದ ಮಾತು ಅದು. ನಾನು ಆರೋಗ್ಯವಾಗಿದ್ದೇನೆ. ದಿನಕ್ಕೆ ಹತ್ತು ಹನ್ನೆರಡು ಜನ ಬಂದು, ಗದ್ದವನ್ನು ಯಂತ್ರದ ಮೇಲಿಟ್ಟು, ನಾನು ತೋರಿಸಿದ ಅಕ್ಷರ ಓದಿ ಹೋಗುತ್ತಾರೆ. ನಿನ್ನ ಅಪ್ಪನಂತೂ ಆರೋಗ್ಯಕ್ಕಿಂತ ಎರಡು ಹೆಜ್ಜೆ ಮುಂದಿದ್ದಾರೆ. ಇದನ್ನು ಬರೆಯುವಾಗ ಒಳಕೋಣೆಯಲ್ಲಿ ಸಿಳ್ಳೆ ಹಾಕುತ್ತಿದ್ದಾರೆ. ರಾಗ ಯಾವುದೆಂದು ಕೇಳಬೇಡ, ಅವರಿಗೂ ಗೊತ್ತಿರಲಾರದು.

ನನ್ನ ಹೋದ ಪತ್ರದಲ್ಲಿ ಮೂರೇ ಸಾಲು ಬರೆದಿದ್ದೆ: ನಿಮ್ಮಪ್ಪ ಕಂಪ್ಯೂಟರನ್ನು ಕೆಡಿಸಿದರು, ಅವರ ಬರಹ ಹೋದಂತೆಯೇ, ಮನೆಯಲ್ಲಿ ಮಾತು ಕಡಿಮೆಯಾಗಿದೆ. ಹಡಗಿನ ಇಂಟರ್ನೆಟ್ ಸಂಪರ್ಕ ನಿಮ್ಮ ವಿಜ್ಞಾನಿಗಳು ಅಳೆದ ಸಮುದ್ರದ ಆಳವನ್ನು ಕಳಿಸುವುದಕ್ಕೇ ಸಾಲದು ಎನ್ನುತ್ತೀಯಲ್ಲ, ಹಾಗಾಗಿ ಮುಂದೇನಾಯಿತೆಂದು ಮುಂದಿನ ಬಂದರಿನವರೆಗೆ ನಿನಗೆ ತಿಳಿಯುವುದಿಲ್ಲ. ಈಗ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ.

ಮೂವತ್ತನಾಲ್ಕು ವರ್ಷ ರೈಲು ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತ ಮಾವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರೆ ಏನಾಗುತ್ತದೆಂದು ನಾವಿಬ್ಬರೂ ಯೋಚಿಸಿರಲಿಲ್ಲ. ಕೇಳಿದವರನ್ನು ಉತ್ತರ ಕೊಡದೆ ಕಳಿಸಬಾರದು ಎನ್ನುವುದು ಅವರಿಗೆ ನಿಯಮವಲ್ಲ, ಉಸಿರಾಟ. ನಿನ್ನ ಹಡಗು ಹೊರಟ ತಿಂಗಳಲ್ಲೇ ನಮ್ಮ ಪರದೆಯ ಮೇಲೆ ಪುಟ್ಟ ಪುಟ್ಟ ಕಿಟಕಿಗಳು ಪುಟಿದೇಳಲು ಶುರುವಾದವು, ಪಾಪ್-ಅಪ್ ಅನ್ನುತ್ತಾರಲ್ಲ, ಅವು. ಪ್ರತಿಯೊಂದು ಕಿಟಕಿಯಲ್ಲೂ ಒಂದು ಪ್ರಶ್ನೆ. ನಿಮ್ಮ ಯಂತ್ರ ನಿಧಾನವಾಗಿದೆಯೇ? ಮಾವ "ಹೌದಪ್ಪ, ಸ್ವಲ್ಪ ನಿಧಾನವೇ" ಎಂದು ಗಟ್ಟಿಯಾಗಿ ಹೇಳಿ 'ಹೌದು' ಒತ್ತುತ್ತಿದ್ದರು. ಹೊಸ ಹುಡುಕುಪಟ್ಟಿ ಬೇಕೇ? "ಇರಲಿ, ಪಾಪ, ಅಷ್ಟು ದೂರದಿಂದ ಕೇಳ್ತಿದ್ದಾರೆ." ನಮ್ಮ ಕೊಡುಗೆಗಳನ್ನು ನಿಮಗೆ ತಿಳಿಸಬಹುದೇ? "ಅಗತ್ಯವಾಗಿ." ಹೀಗೆ ಪರದೆಯ ನೆತ್ತಿಯಲ್ಲಿ ಪಟ್ಟಿಯ ಮೇಲೆ ಪಟ್ಟಿ ಕೂತು, ಓದುವ ಜಾಗ ನಾಲ್ಕು ಬೆರಳಗಲಕ್ಕೆ ಇಳಿಯಿತು. ಟೋಪಿಯ ಮೇಲೆ ಟೋಪಿ ಏರಿಸಿಕೊಂಡವನ ಮುಖದ ಹಾಗೆ ಕೊನೆಗೆ ಗದ್ದವೊಂದೇ ಕಾಣುತ್ತಿತ್ತು. ಆಮೇಲೆ ಒಂದು ದಿನ ಕೆಂಪು ಕಿಟಕಿ ಬಂತು: ನಿಮ್ಮ ಯಂತ್ರದಲ್ಲಿ ನಾನೂರ ಹದಿನೇಳು ವೈರಸ್‌ಗಳಿವೆ, ಈಗಲೇ ತೆಗೆಯಬೇಕೇ? ಮಾವ ನನ್ನನ್ನು ಕರೆದರು. "ಅಳಿಯಂದಿರೇ, ನೋಡಿ, ಯಾರೋ ಪುಣ್ಯಾತ್ಮ. ಕೂತಲ್ಲಿಂದಲೇ ಎಣಿಸಿ ಹೇಳಿದ್ದಾನೆ, ಅದೂ ಬಿಟ್ಟಿಯಾಗಿ." ನಾನು ಗಡ್ಡ ಹೆರೆದುಕೊಳ್ಳುತ್ತಿದ್ದೆ, ನೋಡದೆಯೇ ತಲೆ ಆಡಿಸಿದೆ. ಪುಣ್ಯಾತ್ಮ ಒಳಗೆ ಬಂದು ಕೂತ. ಸಂಜೆಯೊಳಗೆ ವೈರಸ್‌ಗಳು ಒಂಬೈನೂರಾದವು. ಇಲಿ ಹಿಡಿಯುತ್ತೇನೆಂದು ಬಂದವನೇ ಚೀಲದ ತುಂಬ ಇಲಿ ತಂದಿದ್ದ.

ಕಂಪ್ಯೂಟರ್ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಮಾವನ ಪ್ರಶ್ನೆಗಳಿದ್ದುದು ಅದರೊಳಗೆ. ಕಿಟಕಿಯ ಮುಂದೆ ನಿಂತು ಜನ ಕೇಳಿದ ವಿಚಿತ್ರ ಪ್ರಶ್ನೆಗಳನ್ನು ಅವರು ಚೀಟಿಗಳಲ್ಲಿ ಬರೆದು ರಟ್ಟಿನ ಡಬ್ಬಿಯಲ್ಲಿ ತುಂಬಿಟ್ಟಿದ್ದುದು, ಎರಡು ವರ್ಷದಿಂದ ಒಂದೇ ಬೆರಳಲ್ಲಿ ಟೈಪು ಮಾಡುತ್ತಿದ್ದುದು ನಿನಗೆ ಗೊತ್ತೇ ಇದೆ. ನಿಲ್ದಾಣದ ಹೊಸ ಕಟ್ಟಡ ಈ ತಿಂಗಳ ಕೊನೆಗೆ ತೆರೆಯುತ್ತದೆ, ಆ ದಿನ ಹಂಚಲು ಇದನ್ನೇ ಪುಸ್ತಕ ಮಾಡುತ್ತೇವೆ ಎಂದು ಈಗಿನ ಸ್ಟೇಷನ್ ಮಾಸ್ತರರು ಮನೆಗೇ ಬಂದು ಹೇಳಿಹೋಗಿದ್ದರು. ನಿನಗೆ ಗೊತ್ತಿಲ್ಲದ್ದು ಇದು: ಟೈಪು ಮಾಡಿದ ಚೀಟಿಯನ್ನೆಲ್ಲ ಮಾವ ಎರಡು ಸೀಳು ಮಾಡಿ ಬುಟ್ಟಿಗೆ ಹಾಕುತ್ತಿದ್ದರು. ಉತ್ತರಿಸಿದ ಚೀಟಿಯನ್ನು ಹರಿಯದೆ ಬಿಟ್ಟರೆ ಮತ್ತೊಮ್ಮೆ ಉತ್ತರಿಸಬೇಕಾದೀತು. ವಿಚಾರಣೆ ಕಿಟಕಿಯ ಪದ್ಧತಿಯಂತೆ ಅದು. ಡಬ್ಬಿ ಖಾಲಿಯಾಗಿತ್ತು. ಎರಡನೆಯ ಪ್ರತಿ ಎಲ್ಲೂ ಇರಲಿಲ್ಲ.

ಯಂತ್ರ ಪೂರ್ತಿ ಮೊಂಡು ಹಿಡಿದ ದಿನ ನಾನು ಅವರಿಗೆ, "ಇನ್ನು ನೀವು ಇದನ್ನ ಮುಟ್ಟಬೇಡಿ ಮಾವ" ಎಂದೆ. ದನಿ ಏರಿಸಲಿಲ್ಲ. ನಾನು ದನಿ ಏರಿಸದೆ ಹೇಳುವ ಮಾತು ಹೇಗಿರುತ್ತದೆಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರು "ಆಗಲಿ" ಎಂದರು. ಹನ್ನೊಂದು ದಿನ ಸಿಳ್ಳೆ ಇಲ್ಲ. ಕನ್ನಡಕದ ಖಾಲಿ ಪೊಟ್ಟಣಗಳನ್ನು ಬಿಚ್ಚಿ, ಅವುಗಳ ಬೆನ್ನ ಮೇಲೆ ನೆನಪಿಗೆ ಬಂದ ಪ್ರಶ್ನೆಗಳನ್ನು ಬರೆಯುತ್ತ ಕೂತರು. ಅರವತ್ತಮೂರಕ್ಕೆ ನಿಂತಿತು. ಅರವತ್ತನಾಲ್ಕನೆಯದು ತುದಿನಾಲಗೆಯ ಮೇಲಿದೆ ಎನ್ನುತ್ತ ಎರಡು ದಿನ ಊಟಕ್ಕೂ ಪೆನ್ನು ಹಿಡಿದೇ ಬಂದರು. ನಾನು ಎದುರಿಗೆ ಕೂತು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದೆ.

ಕೊನೆಗೆ ಹೋದ ಗುರುವಾರ ಯಂತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಇಬ್ಬರೂ ಒಂದೊಂದು ಕೊನೆ ಹಿಡಿದು, ಔಷಧಿ ಅಂಗಡಿಯ ಹಿಂದಿನ ಓಣಿಯಲ್ಲಿರುವ ರಿಪೇರಿ ಅಂಗಡಿಗೆ ಹೊತ್ತೆವು. ಹಾದಿಯಲ್ಲಿ ಇಬ್ಬರು ನಿಂತು, ಯಾರಿಗೆ ಏನಾಯಿತು ಎಂದು ಕೇಳಿದರು. ಮಾವ ಇಬ್ಬರಿಗೂ ಉತ್ತರಿಸಿದರು. ಅಂಗಡಿ ಎಂದರೆ ಒಂದು ಬಾಗಿಲಗಲ, ಉದ್ದ ಮಾತ್ರ ಬೇಕಾದಷ್ಟು. ಎರಡು ಬದಿಗೂ ಹೊಟ್ಟೆ ತೆರೆದ ಯಂತ್ರಗಳು. ಯಜಮಾನತಿಗೆ ನಮ್ಮ ವಯಸ್ಸಿರಬಹುದು. ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಾಳೆ. ಪರದೆ ಹೊತ್ತಿಕೊಂಡದ್ದೇ ತಡ, "ಯಜಮಾನರೇ, ಇದು ಮನೆ ಕಂಪ್ಯೂಟರಾ, ಛತ್ರಾನಾ? ಬಂದೋರೆಲ್ಲ ಗಂಟುಮೂಟೆ ಇಟ್ಟು ಮಲಗಿಬಿಟ್ಟಿದ್ದಾರಲ್ಲ!" ಎಂದಳು. ಮಾವ ತಲೆ ತಗ್ಗಿಸಿದರು. ಆಕೆ ಮುಂದುವರಿಸಿದಳು: "ಕಿಟಕಿ ಹಾರಿಸಿ ಗಲಾಟೆ ಮಾಡೋರು ಹಾಗಿರಲಿ, ಅವರು ಕಣ್ಣಿಗೆ ಕಾಣ್ತಾರೆ. ಮೂಲೇಲಿ ತೆಪ್ಪಗೆ ಕೂತು, ನೀವು ಒತ್ತಿದ ಒಂದೊಂದು ಅಕ್ಷರಾನೂ ಬರ್ಕೊಂಡು ಯಾರಿಗೋ ಕಳಿಸ್ತಾ ಇರೋರು ಇದ್ದಾರಲ್ಲ, ಸ್ಪೈವೇರ್ ಅಂತೀವಿ, ಅವರು ಅಪಾಯ." ಮಾವ ತಲೆ ಎತ್ತಿದರು. "ಹಾಗಾದ್ರೆ ನಾನು ಬರೆದ ಪ್ರಶ್ನೆಗಳನ್ನೂ ಅವನು ಓದಿದ್ದಾನಾ?" "ಓದಿರ್ತಾನೆ." "ನಕ್ಕಿರ್ತಾನಾ?" ಅವಳ ಬಾಯಿಂದ ಒಂದು ಸ್ಕ್ರೂ ಉದುರಿತು.

ಯಂತ್ರವನ್ನು ಪೂರ್ತಿ ಒರೆಸಿ ಹೊಸದಾಗಿ ತುಂಬಿಸುವುದೊಂದೇ ದಾರಿ ಎಂದಳು. ಅದಕ್ಕೆ ಮೊದಲು ಒಳಗಿನ ಡಿಸ್ಕನ್ನು ಕಿತ್ತು ತನ್ನ ಶುದ್ಧವಾದ ಯಂತ್ರಕ್ಕೆ ಸಿಕ್ಕಿಸಿ, ಜಾಲಾಡಿ, ಮಾವನ ಕಡತವೊಂದನ್ನೇ ಎತ್ತಿಕೊಳ್ಳಲು ನೋಡುತ್ತೇನೆ, ಅದಕ್ಕೂ ಹುಳ ಹಿಡಿದಿದ್ದರೆ ದೇವರೇ ಗತಿ ಎಂದಳು. ಎರಡು ಗಂಟೆ ಹಿಡಿಯುತ್ತದಂತೆ. ಮಾವ ಸ್ಟೂಲಿನ ತುದಿಯಲ್ಲಿ ಕೂತರು. ಹೊತ್ತು ಕಳೆಯಲೆಂದು ಅವಳು ಇನ್ನೊಂದು ಪರದೆಯಲ್ಲಿ ಅಂಥದೇ ಒಂದು ಕಿಟಕಿಯ ಚಿತ್ರ ತೋರಿಸಿದಳು. "ನೋಡಿ, ಇಲ್ಲಿ ಹೌದು ಇದೆ, ಇಲ್ಲಿ ಬೇಡ ಇದೆ, ಮೂಲೇಲಿ ಮುಚ್ಚೋ ಗುರುತಿದೆ. ಮೂರೂ ಒಂದೇ. ಯಾವುದು ಒತ್ತಿದ್ರೂ ಒಳಗೆ ಬರ್ತಾನೆ." ಮಾವ ಪರದೆಯತ್ತ ಬಗ್ಗಿ ಮೂರರ ಮೇಲೂ ಬೆರಳಿಟ್ಟು ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ಎದ್ದೇಬಿಟ್ಟರು. "ಅಯ್ಯೋ, ಇವನು ನಮ್ಮ ದಲ್ಲಾಳಿ ಕಣಮ್ಮ!"

ನಿಲ್ದಾಣದಲ್ಲಿ ಸಾಲಿನ ನಡುವೆ ದಲ್ಲಾಳಿಗಳೂ ನಿಲ್ಲುತ್ತಿದ್ದರಂತೆ, ಪ್ರಯಾಣಿಕರ ವೇಷದಲ್ಲಿ, ಟಿಕೆಟ್ ಮಾರಿಕೊಳ್ಳಲು. ಅವರನ್ನು ಗುರುತಿಸುವುದಕ್ಕೆ ಮಾವನ ಹತ್ತಿರ ಒಂದೇ ಉಪಾಯವಿತ್ತು. ನಿಜವಾಗಿ ತಿಳಿಯಬೇಕೆಂದು ಕೇಳಿದವನು ಕೇಳಿದ ಮೇಲೆ ಸುಮ್ಮನಾಗುತ್ತಾನೆ, ಉತ್ತರಕ್ಕೆ ಕಾಯುತ್ತಾನೆ. ದಲ್ಲಾಳಿ ಕಾಯುವುದಿಲ್ಲ, ಉತ್ತರವನ್ನು ಮನೆಯಿಂದಲೇ ತಂದಿರುತ್ತಾನೆ. "ಮೂವತ್ತನಾಲ್ಕು ವರ್ಷ ಅಂಥವರನ್ನ ಕಿಟಕಿಯಿಂದ ಆಚೆ ಅಟ್ಟಿದೀನಿ. ಮನೇಗೆ ಬಂದು ಕೇಳಿದಾಗ ಗುರುತೇ ಸಿಗಲಿಲ್ಲ ನೋಡಿ. ಇವರಿಗೆ ಉತ್ತರ ಬೇಕಿರಲಿಲ್ಲ, ನನ್ನ ಬೆರಳು ಬೇಕಿತ್ತು." ಇದನ್ನು ಹೇಳುವಾಗ ಅವರ ಮುಖದಲ್ಲಿ ಅವಮಾನವಿರಲಿಲ್ಲ, ಹಳೆಯ ಸಹೋದ್ಯೋಗಿಯನ್ನು ಸಂತೆಯಲ್ಲಿ ಕಂಡವರ ಖುಷಿಯಿತ್ತು.

ಹನ್ನೆರಡೂವರೆಗೆ ಕಡತ ತೆರೆದುಕೊಂಡಿತು. ಸಾವಿರದ ನೂರ ನಲವತ್ತಾರು ಪ್ರಶ್ನೆಗಳು, ಒಂದೂ ಕಡಿಮೆಯಿಲ್ಲ. ಅವಳು ಸುಮ್ಮನೆ ನೋಡಲೆಂದು ಮೊದಲನೆಯದನ್ನು ಓದಿದಳು: "ಈಗ ಹೋಯ್ತಲ್ಲ, ಆ ರೈಲು ಎಷ್ಟು ಗಂಟೆಗೆ ಹೊರಡುತ್ತೆ?" ಎರಡನೆಯದು: "ನನ್ನ ಹೆಂಡ್ತಿ ಇಲ್ಲಿ ಬಂದು ನನ್ನನ್ನ ಕೇಳಿದ್ರಾ? ಕೇಳಿದ್ರೆ, ಇಲ್ಲ ಅಂದ್ರಿ ತಾನೇ?" ಮೂರನೆಯದು, ಒಬ್ಬ ಅಜ್ಜಿಯದು: "ಯಾವ ಊರಿಗೂ ಹೋಗೋದಿಲ್ಲ, ಆದ್ರೆ ರೈಲಲ್ಲಿ ಕೂರಬೇಕು, ಯಾವುದು ಒಳ್ಳೇದು?" ಅವಳು ನಗುತ್ತ ನಗುತ್ತ ಮೇಜಿಗೆ ತಲೆ ಹಚ್ಚಿದಳು. ಚಾರ್ಜರ್ ಕೊಳ್ಳಲು ಬಂದವರು, ಔಷಧಿ ಅಂಗಡಿಯವನು, ಆ ಉದ್ದನೆಯ ಅಂಗಡಿಯ ತುಂಬ ಜನ. ಮಾವ ನಡುವೆ ನಿಂತು ಯಾರು ಕೇಳಿದ್ದು, ಹೇಗೆ ಕೇಳಿದ್ದು, ತಾವು ಏನು ಹೇಳಿದ್ದು ಎಂದು ಅಭಿನಯಿಸುತ್ತಿದ್ದಾರೆ. ನಾನೂ ನಕ್ಕೆ. ನನ್ನ ನಗುವಿನ ಸದ್ದು ನನಗೇ ಬೇರೆಯವರದೆನಿಸಿ ಒಮ್ಮೆ ಹಿಂದೆ ತಿರುಗಿ ನೋಡಿದೆ.

ಈಗ ಮನೆಯ ಕಂಪ್ಯೂಟರ್ ಹೊಸ ಹಲ್ಲು ಕಟ್ಟಿಸಿಕೊಂಡಂತಿದೆ. ನಿಜವಾದ ಕಾವಲಿನ ತಂತ್ರಾಂಶ ಒಂದೇ ಒಂದು, ದಿನವೂ ಅದು ತಾನೇ ನವೀಕರಿಸಿಕೊಳ್ಳುತ್ತದೆ. ಪುಟಿಯುವ ಕಿಟಕಿಗಳಿಗೆ ತಡೆ ಬಿದ್ದಿದೆ. ಇಷ್ಟಾದರೂ ನುಸುಳಿ ಬಂದದ್ದನ್ನು ಹೌದೂ ಅನ್ನದೆ ಬೇಡವೂ ಅನ್ನದೆ, ಬ್ರೌಸರನ್ನೇ ಮುಚ್ಚಿ ಎದ್ದುಹೋಗಬೇಕೆಂದು ಅಪ್ಪಣೆಯಾಗಿದೆ. ಪ್ರಶ್ನೆಗಳ ನಕಲು ಶನಿವಾರ ಶನಿವಾರ ಪೆನ್‌ಡ್ರೈವಿಗೆ ಇಳಿಯುತ್ತದೆ. ಅದನ್ನು ಕಿತ್ತು ಬೇರೆ ಇಡಬೇಕು, ಸಿಕ್ಕಿಸಿಟ್ಟರೆ ರೋಗ ಅದಕ್ಕೂ ಹತ್ತುತ್ತದಂತೆ. ಇನ್ನು, ಹೊಸದೇನನ್ನಾದರೂ ಒಳಗೆ ಹಾಕಿಕೊಳ್ಳಲು ಬೇಕಾದ ಪಾಸ್‌ವರ್ಡನ್ನು ನನಗೆ ಕೊಡಲು ಕೈ ಚಾಚಿದವಳು, ಅದೇನು ಅನ್ನಿಸಿತೋ, ಮಾವನ ಕೈಗೆ ಕೊಟ್ಟಳು. ನಿನ್ನೆ ನಾನು ಅಂಗಡಿಯ ಚೀಟಿಗಳಿಗೆಂದು ಒಂದು ಬಿಟ್ಟಿ ಅಕ್ಷರಮಾದರಿ (ಫಾಂಟು) ಇಳಿಸಿಕೊಳ್ಳಲು ಹೋಗಿ ಅವರ ಮುಂದೆ ನಿಲ್ಲಬೇಕಾಯಿತು. "ಯಾರು ಕೊಡ್ತಿದ್ದಾರೆ? ಯಾತಕ್ಕೆ ಕೊಡ್ತಿದ್ದಾರೆ? ಬೇಡ ಅಂದ್ರೆ ಬಿಡ್ತಾರಾ?" ಎಂದು ಮೂರು ಕೇಳಿದರು. ಮೂರನೆಯದಕ್ಕೆ ನಾನು ಗಡಿಯಾರ ನೋಡಿದೆ. "ಹಾಗಾದ್ರೆ ಮುಂದಿನವರು ಬನ್ನಿ" ಎಂದರು. ಮುಂದೆ ಯಾರೂ ಇರಲಿಲ್ಲ.

ಪುಸ್ತಕ ನಾಳೆ ಅಚ್ಚಿಗೆ ಹೋಗುತ್ತದೆ. ಮೊದಲ ಪ್ರತಿ ನಿನ್ನ ಹೆಸರಿಗೆ ಮುಂದಿನ ಬಂದರಿಗೆ. ಅಪ್ಪ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ನಿಮ್ಮ ಹಡಗಿನ ಅಡುಗೆಯವನ ಕೆಮ್ಮು ಹೇಗಿದೆ ಎಂದು ಕೇಳಿದ್ದಾರೆ. ಉತ್ತರ ಬರೆ, ಅವರು ಕಾಯುತ್ತಾರೆ. ತಲೆಗೆ ತಣ್ಣೀರು ಹಾಕಿಕೊಳ್ಳಬೇಡ.

ನೆಲದ ಮೇಲಿರುವ,
ನಿನ್ನವನು

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಹೋದ ಪತ್ರ ಓದಿ ನೀನು ಅಪ್ಪನಿಗೆ ಬೈದು ಬರೆದಿದ್ದರೆ ಕಳಿಸಬೇಡ. ರಿಪೇರಿಯವಳು ಡಿಸ್ಕಿನೊಳಗಿನ ಪಟ್ಟಿಯನ್ನು ತಾರೀಖಿನ ಪ್ರಕಾರ ತೆಗೆದು, "ಎಲ್ಲಕ್ಕಿಂತ ಮೊದಲು ಒಳಗೆ ಬಂದದ್ದು ಇದು. ಬಾಗಿಲು ತೆಗೆದು ಮಿಕ್ಕವರನ್ನ ಕರೆದದ್ದೂ ಇದೇ. ಯಾವ ಹಡಗು ಎಲ್ಲಿದೆ ಅಂತ ನಕ್ಷೇಲಿ ತೋರಿಸ್ತೀನಿ ಅನ್ನೋ ಬಿಟ್ಟಿ ಪ್ರೋಗ್ರಾಮು. ಯಾರು ಹಾಕಿದ್ದು?" ಎಂದು ಕೇಳಿದಳು. ನೀನು ಹೊರಟ ಮೂರನೆಯ ದಿನದ ತಾರೀಖು ಅದು. ಅಪ್ಪ ಆ ವಾರವೆಲ್ಲ ನಿನ್ನ ಚಿಕ್ಕಪ್ಪನ ಮನೆಯಲ್ಲಿದ್ದರು, ನಿನಗೆ ಗೊತ್ತು. ಅವರೂ ತಾರೀಖು ನೋಡಿದರು, ನನ್ನ ಕಡೆ ನೋಡಲಿಲ್ಲ. "ನಾನೇ ಹಾಕಿದ್ದು" ಎಂದರು. ಮೂವತ್ತನಾಲ್ಕು ವರ್ಷದಲ್ಲಿ ಒಂದೂ ತಪ್ಪು ಉತ್ತರ ಕೊಡದ ಮನುಷ್ಯ. ಅದನ್ನು ತಿದ್ದದೆ ನಾನು ಬೆಡ್‌ಶೀಟು ಮಡಚತೊಡಗಿದೆ. ಮನೆಗೆ ಬರುವಾಗ ಅವರೇ ಕೇಳಿದರು: "ಎಲ್ಲಿದೆ ಅಂತ ತೋರಿಸ್ತಿತ್ತು ಅದು, ನಮ್ಮ ಹಡಗನ್ನ?" ಹೇಳಿದೆ: ಸಮುದ್ರದಿಂದ ನೂರಾರು ಮೈಲಿ ದೂರ, ಬೆಟ್ಟಗಳ ನಡುವೆ, ತಿಂಗಳುಗಟ್ಟಲೆ ಒಂದೇ ಕಡೆ. "ಸುಳ್ಳು ಅಂತ ಗೊತ್ತಾಗಲಿಲ್ವಾ?" ಮೊದಲ ದಿನವೇ ಗೊತ್ತಾಗಿತ್ತು ಎಂದೆ. ಆದರೂ ದಿನಾ ಬೆಳಿಗ್ಗೆ ನೋಡುತ್ತಿದ್ದೆ.